ಲೋಡಿನ ಲೆಕ್ಕ
(ಬೆಳ್ಳಿಹಬ್ಬದ ಸಂದರ್ಭದಲ್ಲಿ ಮಾಡಿದ ಭಾಷಣ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕವನ್ನು ಹಿರಿಯರು ಹೇಳಿದ್ದಾರೆ. ನಾವು ಒಂದು ಸಣ್ಣ ಲೆಕ್ಕ ಹೇಳಿ ಕೂರುತ್ತೇವೆ. ನಮ್ಮ ತ್ಯಾಮಗೊಂಡ್ಲು ಸುತ್ತಮುತ್ತ ರಾಗಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರ, ಮನೆ ಕೆಲಸಕ್ಕೆ ಜಲ್ಲಿ, ಮರಳು ಎಲ್ಲವನ್ನೂ 'ಲೋಡು' ಅಂತಲೇ ಕೊಳ್ಳುತ್ತೇವೆ. ರೇಟು ಕೇಳುತ್ತೇವೆ, ಟ್ರೇಲರ್ ಅಳತೆ ಕೇಳೋದಿಲ್ಲ. ಎಲ್ಲಾ ಟ್ರೇಲರ್ ಒಂದೇ ಅಳತೆಯದಲ್ಲ. ದುಡ್ಡು ಸೋರೋದು ಅಲ್ಲೇ.

ಎರಡು ಟ್ರೇಲರ್ ಬಂದು ನಿಂತಿವೆ ಅನ್ನಿ. ಮೊದಲನೆಯದು ಉದ್ದ 10½ ಅಡಿ, ಅಗಲ 6, ಎತ್ತರ 1½. ಎರಡನೆಯದು ಉದ್ದ 9½, ಅಗಲ 6, ಎತ್ತರ 1¾. ಕಣ್ಣಿಗೆ ಉದ್ದವಾದದ್ದೇ ದೊಡ್ಡದು. ಗುಣಿಸಿ ನೋಡಿ: ಮೊದಲನೆಯದು 94½ ಘನ ಅಡಿ, ಎರಡನೆಯದು 99¾. ಗಿಡ್ಡದರಲ್ಲೇ 5¼ ಘನ ಅಡಿ ಜಾಸ್ತಿ! ಹೇಗೆ? ಒಂದಡಿ ಉದ್ದ ಕಡಿಮೆಯಾದದ್ದಕ್ಕೆ 9 ಘನ ಅಡಿ ಹೋಯಿತು. ಆದರೆ ಎತ್ತರದ ಮೂರೇ ಇಂಚು ಇಡೀ ತಳದ ಮೇಲೆ, ಅಂದರೆ 57 ಚದರ ಅಡಿ ಮೇಲೆ ಹರಡಿ 14¼ ತಂದುಕೊಟ್ಟಿತು. ಮೊದಲನೆಯದಕ್ಕೆ 3,780 ರೂಪಾಯಿ ಕೇಳಿದರೆ ಘನ ಅಡಿಗೆ 40 ರೂಪಾಯಿ ಬಿತ್ತು. ಅದೇ ದರದಲ್ಲಿ ಎರಡನೆಯದಕ್ಕೆ 3,990 ಆಗಬೇಕು. ಅವನು 3,900ಕ್ಕೆ ಕೊಟ್ಟರೆ, ನೂರಿಪ್ಪತ್ತು ಹೆಚ್ಚು ಕೊಟ್ಟಂತೆ ಕಂಡರೂ ನಮಗದೇ ಅಗ್ಗ.

ಇನ್ನೊಂದು ಎಚ್ಚರಿಕೆ. ಒಂದಡಿ ಒಂಬತ್ತಿಂಚನ್ನು 1.9 ಅಂತ ಬರೆಯಬಾರದು. ಅಡಿಗೆ ಹನ್ನೆರಡು ಇಂಚು. ಒಂಬತ್ತಿಂಚು ಅಂದರೆ ಮುಕ್ಕಾಲು, 1.75. ಎರಡನೇ ಟ್ರೇಲರಿಗೆ 1.9 ಹಾಕಿದರೆ 108 ಘನ ಅಡಿ ದಾಟುತ್ತದೆ. ಇಲ್ಲದ ಎಂಟೂವರೆ ಘನ ಅಡಿಗೆ ದುಡ್ಡು ಕೊಟ್ಟಂತೆ.

ಉದ್ದ, ಅಗಲ, ಎತ್ತರ ಮೂರೂ ಅರ್ಧರ್ಧ ಇರುವ ಪೆಟ್ಟಿಗೆಯಲ್ಲಿ ಅರ್ಧ ಮಾಲು ಹಿಡಿಯುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅರೆಯ ಅರೆ ಕಾಲು, ಕಾಲಿನ ಅರೆ ಅರೆಕಾಲು. ಹಿಡಿಯೋದು ಎಂಟರಲ್ಲಿ ಒಂದು ಭಾಗ ಮಾತ್ರ.

ಇದು ಹೊಸ ವಿದ್ಯೆಯಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ತೋಡಿದ ಗುಂಡಿಗಳ ಲೆಕ್ಕಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಗೊಬ್ಬರದ ಗುಂಡಿ, ರಸಮೇವಿನ ಗುಂಡಿ ತೋಡುವ ನಮಗೆ ಅದು ಇಂದಿಗೂ ಬೇಕು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ: ಟೇಪನ್ನು ಟ್ರೇಲರಿನ ಒಳಗಡೆ ಹಿಡಿಯಿರಿ, ಹೊರಗಡೆ ಅಲ್ಲ. ಮಾಲು ಅಂಚಿನ ಮಟ್ಟಕ್ಕಿದೆಯೇ ನೋಡಿ. ರಸೀದಿಯಲ್ಲಿ 'ಒಂದು ಲೋಡು' ಎನ್ನುವ ಬದಲು ಘನ ಅಡಿ ಬರೆಸಿ. ಸಂಘದ ಕಚೇರಿಯಲ್ಲಿ ಎಲ್ಲರ ಕೈಗೂ ಸಿಗುವಂತೆ ಒಂದು ಟೇಪು ಇಡೋಣ. ಒಬ್ಬರೇ ಅಳೆದರೆ ಜಗಳ ಅನ್ನುತ್ತಾರೆ. ಊರೆಲ್ಲಾ ಅಳೆದರೆ ಅದೇ ಪದ್ಧತಿಯಾಗುತ್ತದೆ. ಸಹಕಾರ ಅಂದರೆ ಇದೇ ತಾನೆ?

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.