2.4 ಏನು?

ಗುಬ್ಬಿ, ಕುಣಿಗಲ್ ಕಡೆಯಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ತುಮಕೂರಿಗೆ ಬಂದಿರುವ ಮಕ್ಕಳೆ, ವಿಜ್ಞಾನ ವಸ್ತುಪ್ರದರ್ಶನ ಉದ್ಘಾಟಿಸಿ ನಾಲ್ಕು ಮಾತಾಡಿ ಅಂದರು. ರಾಕೆಟ್ಟು, ರೋಬೋಟು ನನಗೆ ತಿಳಿಯದು. ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಅದನ್ನೇ ಹೇಳುತ್ತೇನೆ.

ಪಾವಗಡದ ಕಡೆಯ ರೈತರೊಬ್ಬರು ಹಿಂದೊಮ್ಮೆ ತಮ್ಮ ಕೊಳವೆಬಾವಿ ನೀರಿನ ಪರೀಕ್ಷಾ ವರದಿ ತಂದು ತೋರಿಸಿದರು. ‘ಫ್ಲೋರೈಡ್: 2.4’ ಎಂದಿತ್ತು, ಅಷ್ಟೇ. 2.4 ಏನು? ಲೀಟರಿಗೆ ಮಿಲಿಗ್ರಾಮೋ, ಮಿಲಿಮೋಲೋ? ಫ್ಲೋರಿನ್‌ನ ಪರಮಾಣು ತೂಕ 19. ಮಿಲಿಮೋಲ್ ಆಗಿದ್ದರೆ 45.6 ಮಿಲಿಗ್ರಾಂ ಆಯಿತು. ಆ ನೀರಿನ ಹತ್ತಿರ ಹೋಗಬಾರದು. ಮಿಲಿಗ್ರಾಂ ಎಂದೇ ಇಟ್ಟುಕೊಳ್ಳಿ. ಬಿಐಎಸ್ ಮಾನದಂಡದಲ್ಲಿ ಕುಡಿಯುವ ನೀರಿಗೆ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಬಿಸಿಲಲ್ಲಿ ದುಡಿದು 4 ಲೀಟರ್ ಕುಡಿಯುವವರ ಹೊಟ್ಟೆಗೆ ದಿನಕ್ಕೆ 9.6 ಮಿಲಿಗ್ರಾಂ. ಮಕ್ಕಳ ಹಲ್ಲು ಕಂದುಗಟ್ಟುವುದು, ದೊಡ್ಡವರ ಕೀಲು ಬಿಗಿಯುವುದು ಇದರಿಂದಲೇ. ಏಕಮಾನ ಬರೆಯದ ಮಕ್ಕಳ ಅಂಕ ಕಳೆಯುತ್ತಿದ್ದೆ, ಜಿಪುಣ ಮೇಷ್ಟ್ರು ಅನ್ನುತ್ತಿದ್ದರು. ಅನ್ನಲಿ.

ಇನ್ನು ದುರ್ಬಲ ಆಮ್ಲ. ‘ಅಪಾಯವಿಲ್ಲದ ಆಮ್ಲ’ ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಿದ್ದರು. ನೀರಿನಲ್ಲಿ ಅದು ಪೂರ್ತಿ ಅಯಾನುಗಳಾಗಿ ಒಡೆಯುವುದಿಲ್ಲ, ಅಷ್ಟೇ. ಹೈಡ್ರೋಫ್ಲೋರಿಕ್ ಆಮ್ಲ ಅಂಥದ್ದು, ಅದರ ಪಿಕೆಎ, ಅಂದರೆ ಅರ್ಧ ಅಣುಗಳು ಒಡೆದಿರುವ ಪಿಎಚ್, ಸುಮಾರು 3.2, ಗಾಜನ್ನೇ ಕರಗಿಸುತ್ತದೆ. ಬಾವಿಯ ನೀರಿನಲ್ಲಿ ಫ್ಲೋರೈಡ್ ಅಯಾನಾಗಿಯೇ ಇರುತ್ತದೆ. ಜಠರದ ಪಿಎಚ್ 2 ಎಂದುಕೊಂಡು ಲೆಕ್ಕ ಹಾಕಿ: 3.2ರಲ್ಲಿ 2 ಕಳೆದರೆ 1.2. ಹತ್ತರ 1.2ನೇ ಘಾತ ಹೆಚ್ಚುಕಡಿಮೆ 16. ಅಂದರೆ ಅಲ್ಲಿ ಒಂದು ಅಯಾನಿಗೆ ಹದಿನಾರು ಆಮ್ಲದ ಅಣು. ವಿದ್ಯುದಾವೇಶವಿಲ್ಲದ ಆ ಅಣುಗಳು ಜಠರದ ಗೋಡೆ ದಾಟಿ ಸಲೀಸಾಗಿ ರಕ್ತ ಸೇರುತ್ತವೆ. ಒಡೆಯದೆ ಉಳಿದದ್ದರಿಂದಲೇ ಈ ಕಾಟ.

ನಮ್ಮ ತುಮಕೂರು ಮಂಡಿಗೆ ಬರುವ ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವೂ ದುರ್ಬಲವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟು ನೋಡಿದರು. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತು. 2002ರಲ್ಲಿ ಪ್ರಕಟವಾದ ಅಧ್ಯಯನ. ಹಾಗಂತ ಸಾರು ಕುಡಿದರೆ ಸಾಕು, ಶುದ್ಧ ನೀರಿನ ಘಟಕ ಬೇಡ ಎಂದು ಊರಿಗೆ ಹೋಗಿ ಹೇಳಬೇಡಿ! ನಿಮ್ಮೂರ ನೀರಿನ ವರದಿ ಎಲ್ಲಿದೆ ಅಂತ ಪಂಚಾಯಿತಿಯಲ್ಲಿ ಕೇಳಿ. ಅಂಕಿಯ ಮುಂದೆ ಏಕಮಾನ ಇಲ್ಲದಿದ್ದರೆ ಬರೆಸಿಕೊಂಡೇ ಬನ್ನಿ.

ಟೇಪು ಕತ್ತರಿಸಬೇಕಂತೆ, ಮೇಡಂ ಆಗಲೇ ಎರಡು ಸಲ ಗಡಿಯಾರ ತೋರಿಸಿದರು. ಬನ್ನಿ.