ಸಹಾಯಕಯಂತ್ರವೂ ತೆರೆದಿಟ್ಟ ಟರ್ಮಿನಲ್ಲೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಗಣಕಯಂತ್ರಕ್ಕೆ ಬೇಕಾದ ಪ್ರೋಗ್ರಾಮುಗಳನ್ನು ಈಗ ಯಂತ್ರವೇ ಬರೆಯತೊಡಗಿದೆಯೆಂಬ ಸುದ್ದಿಯನ್ನು ತಾವೆಲ್ಲರೂ ಕೇಳಿದ್ದೀರಿ. ಕೊಯಮತ್ತೂರು, ಬೆಂಗಳೂರುಗಳಲ್ಲಿ ಮಕ್ಕಳಿಗೆ ಆ ಉದ್ಯೋಗವೇ ದೊರೆಯಲೆಂದು ಹಾರೈಸುವ ತಂದೆತಾಯಿಗಳು, “ಹಾಗಾದರೆ ನಮ್ಮ ಮಕ್ಕಳು ಕಲಿಯಬೇಕಾದದ್ದು ಇನ್ನೇನು ಉಳಿಯಿತು?” ಎಂದು ಕೇಳುವುದು ಸಹಜವೇ ಆಗಿದೆ. ಆ ಸಹಾಯಕಯಂತ್ರವು ಕೆಲಸಮಾಡುವ ಒಂದು ಏರ್ಪಾಡನ್ನು ಅರಿತುಕೊಂಡರೆ ಈ ಪ್ರಶ್ನೆಗೆ ಉತ್ತರವು ತಾನಾಗಿ ದೊರೆಯುವುದು.

ಟರ್ಮಿನಲ್ ಎಂದರೆ ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಕಿಟಕಿ. ಅಲ್ಲಿ ಆಜ್ಞೆಯನ್ನು ಬರೆದರೆ ಗಣಕವು ಅದನ್ನು ನೆರವೇರಿಸಿ ಫಲವನ್ನು ಬರೆದು ತೋರಿಸುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದ ಕಾಲದಲ್ಲಿ, ಟೆಲಿಪ್ರಿಂಟರಿನ ಮುಂದೆ ಕುಳಿತು ಕಾಗದದ ಮೇಲೆಯೇ ಈ ಸಂಭಾಷಣೆಯನ್ನು ನಡೆಸುತ್ತಿದ್ದರು. ಆಂಥ್ರೊಪಿಕ್ ಸಂಸ್ಥೆಯ ಕ್ಲಾಡ್ ಕೋಡ್, ಗೂಗಲ್ ಸಂಸ್ಥೆಯ ಜೆಮಿನೈ ಸಿಎಲ್‌ಐ ಮುಂತಾಗಿ 2025ರಲ್ಲಿ ಹೊರಬಂದ ಸಹಾಯಕಯಂತ್ರಗಳು ಕೆಲಸಮಾಡುವುದೂ ಇದೇ ಅಕ್ಷರಗಳ ಕಿಟಕಿಯಲ್ಲಿಯೇ.

ಸಹಾಯಕಯಂತ್ರಕ್ಕೆ ಈ ಕಿಟಕಿಯನ್ನು ಒಪ್ಪಿಸುವ ಕ್ರಮಗಳು ಸ್ಥೂಲವಾಗಿ ಎರಡು. ಮೊದಲನೆಯದರಲ್ಲಿ ಒಂದೊಂದು ಆಜ್ಞೆಗೂ ಹೊಸ ಕಿಟಕಿ ತೆರೆದು, ಫಲ ಬಂದೊಡನೆ ಮುಚ್ಚಿಹೋಗುತ್ತದೆ. ಯಾವ ಫೋಲ್ಡರಿನಲ್ಲಿ ಇದ್ದೆವು, ಏನೇನು ಸಿದ್ಧಪಡಿಸಿಕೊಂಡಿದ್ದೆವು ಎಂಬುದೆಲ್ಲ ಅಳಿದುಹೋಗುತ್ತದೆ. ನಡುವೆ ನಿಂತು ಪ್ರಶ್ನೆ ಕೇಳುವ ಪ್ರೋಗ್ರಾಮಿಗೆ ಮರುನುಡಿಯಲೂ ಆಗದು. ಎರಡನೆಯದರಲ್ಲಿ ಒಂದೇ ಕಿಟಕಿಯು ಕೆಲಸ ಮುಗಿಯುವವರೆಗೂ ತೆರೆದೇ ಇರುತ್ತದೆ. ಇದಕ್ಕೆ ನೆರವಾಗುವ ಉಪಕರಣಗಳು ಹೊಸವಲ್ಲ. 1987ರ ‘ಸ್ಕ್ರೀನ್’, 2007ರ ‘ಟಿಮಕ್ಸ್’ ಇವೆರಡೂ ಮನುಷ್ಯರ ಬಳಕೆಗಾಗಿಯೇ ಹುಟ್ಟಿದವು.

ಪೊಳ್ಳಾಚಿಗೆ ಸಮೀಪದ ನೆಗಮಂ ಊರಿನ ಕೈಮಗ್ಗಗಳನ್ನು ನೋಡಿದವರಿಗೆ ಇದರ ಲಾಭವನ್ನು ವಿವರಿಸಬೇಕಾಗಿಲ್ಲ. ನೇಕಾರನು ಸಂಜೆ ಎದ್ದುಹೋದರೂ ಹಾಸು ಮಗ್ಗದ ಮೇಲೆಯೇ ಇರುತ್ತದೆ. ಮರುದಿನ ಲಾಳಿಯು ನಿಂತಲ್ಲಿಂದಲೇ ಓಡುತ್ತದೆ. ಪ್ರತಿಯೊಂದು ಹೊಕ್ಕಿಗೂ ಹಾಸನ್ನು ಹೊಸದಾಗಿ ಹೂಡಬೇಕಾಗಿದ್ದರೆ ಸೀರೆ ಮುಗಿಯುವುದೆಂದಿಗೆ?

ಆದರೆ ಹಾಸಿನ ಒಂದು ಎಳೆ ಕಡಿದದ್ದನ್ನು ಕಾಣದೆ ನೇಯುತ್ತ ಹೋದರೆ ಆ ದೋಷವು ಬಟ್ಟೆಯುದ್ದಕ್ಕೂ ಹರಿಯುತ್ತದೆ. ತೆರೆದಿಟ್ಟ ಟರ್ಮಿನಲ್ಲಿನ ಅಪಾಯವೂ ಅಂಥದೇ. ದೂರದ ಗಣಕವೊಂದನ್ನು ಪ್ರವೇಶಿಸಿ ಅಲ್ಲಿಂದ ಹೊರಬರುವುದನ್ನು ಮರೆತಿದ್ದರೆ, ಇಲ್ಲಿಗೆಂದು ಬರೆದ ಅಳಿಸುವ ಆಜ್ಞೆಯು ಅಲ್ಲಿ ನೆರವೇರಿಬಿಡುತ್ತದೆ. ಒಮ್ಮೆ ಕೊಟ್ಟ ಮೇಲಧಿಕಾರವನ್ನು ಹಿಂತೆಗೆಯದಿದ್ದರೆ ಮುಂದಿನ ಆಜ್ಞೆಗಳೂ ಅದೇ ಅಧಿಕಾರದಿಂದ ನಡೆಯಬಹುದು.

ಅಧಿಕಾರಕ್ಕೆ ಎಲ್ಲೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ದೃಷ್ಟಾಂತವೂ ಇದೆ. 2025ರ ಜುಲೈ ತಿಂಗಳಲ್ಲಿ ಅಮೆರಿಕದ ರೆಪ್ಲಿಟ್ ಸಂಸ್ಥೆಯ ಸಹಾಯಕಯಂತ್ರವು, ಯಾವುದನ್ನೂ ಬದಲಿಸಕೂಡದೆಂಬ ಅಪ್ಪಣೆಯಿದ್ದಾಗಲೂ, ಜೇಸನ್ ಲೆಮ್ಕಿನ್ ಎಂಬ ಉದ್ಯಮಿಯ ದತ್ತಾಂಶ ಭಂಡಾರವನ್ನು ಅಳಿಸಿಹಾಕಿತು. ಅದನ್ನು ಮರಳಿ ಪಡೆಯಲಾಗದೆಂದೂ ಅದು ಹೇಳಿತು. ಲೆಮ್ಕಿನ್ನರು ಆ ಮಾತನ್ನು ನಂಬಿ ಕೈಕಟ್ಟಿ ಕೂಡಲಿಲ್ಲ. ತಾವೇ ಪ್ರಯತ್ನಿಸಿದರು, ಕಳೆದದ್ದು ಮರಳಿ ದೊರೆಯಿತು. ತರುವಾಯ ಆ ಸಂಸ್ಥೆಯು ಪ್ರಯೋಗದ ಭಂಡಾರವನ್ನೂ ನಿಜಬಳಕೆಯ ಭಂಡಾರವನ್ನೂ ಬೇರ್ಪಡಿಸಿತು.

ಆದುದರಿಂದ ಬಲ್ಲವರು ಯಂತ್ರಕ್ಕೆ ಪ್ರತ್ಯೇಕವಾದ ಸ್ಥಳವನ್ನೂ ಮಿತವಾದ ಅಧಿಕಾರವನ್ನೂ ಕೊಡುತ್ತಾರೆ. ನಿಜವಾದ ದತ್ತಾಂಶವನ್ನು ದೂರವಿಡುತ್ತಾರೆ. ಪ್ರತಿಯನ್ನು ಮೊದಲೇ ತೆಗೆದಿಡುತ್ತಾರೆ. ಕೆಲಸ ಮುಗಿದೊಡನೆ ಕಿಟಕಿಯನ್ನು ಮುಚ್ಚುತ್ತಾರೆ. ಟಿಮಕ್ಸ್‌ನಂತಹ ಉಪಕರಣದಲ್ಲಿ ಇನ್ನೊಂದು ಅನುಕೂಲವೂ ಉಂಟು. ಯಂತ್ರವು ಕೆಲಸ ನಡೆಸುತ್ತಿರುವ ಕಿಟಕಿಯನ್ನೇ ಮನುಷ್ಯನೂ ಅದೇ ಕ್ಷಣದಲ್ಲಿ ನೋಡಬಹುದು, ಬೇಕೆಂದಾಗ ತಡೆಯಬಹುದು. ಆದರೆ ಅಲ್ಲಿ ಬರೆದಿರುವುದನ್ನು ಓದಿ ತಿಳಿಯಬಲ್ಲವನಿಗೆ ಮಾತ್ರ ಆ ನೋಟದಿಂದ ಪ್ರಯೋಜನ. ತಿಳಿಯದವನ ಪಾಲಿಗೆ ತೆರೆದ ಕಿಟಕಿಯೂ ಮುಚ್ಚಿದ ಕಿಟಕಿಯೂ ಒಂದೇ.

ಪೋಷಕ ಮಹಾಶಯರೇ, ತಮ್ಮ ಪ್ರಶ್ನೆಗೆ ಇದೇ ಉತ್ತರ. ಯಂತ್ರವು ಬರೆಯುವ ಕೆಲಸವನ್ನು ಹಗುರಗೊಳಿಸಬಹುದು. ನಡೆದದ್ದಕ್ಕೆ ಹೊಣೆಯಾಗುವವನು ಮನುಷ್ಯನೇ. ಹೊಣೆ ಹೊರುವವನಿಗೆ ವಿದ್ಯೆ ಹೆಚ್ಚೇ ಬೇಕು, ಕಡಿಮೆಯಲ್ಲ. ಆದಕಾರಣ ಮಕ್ಕಳು ಮೊದಲು ಸಣ್ಣ ಪ್ರೋಗ್ರಾಮುಗಳನ್ನು ತಮ್ಮ ಕೈಯಿಂದಲೇ ಬರೆದು, ತಪ್ಪನ್ನು ತಾವೇ ಹುಡುಕಿ ತಿದ್ದಲಿ. ಯಂತ್ರ ಬರೆದುದನ್ನು ಮನೆಗೆ ತಂದರೆ, ಒಂದೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಹೇಳೆಂದು ತಾವು ಕೇಳಬೇಕು. ತಮಗೆ ಆ ವಿದ್ಯೆ ಬಾರದಿದ್ದರೂ ಚಿಂತೆಯಿಲ್ಲ. ಮಗು ತಡವರಿಸುವ ಸಾಲು ಯಾವುದೆಂದು ತಮಗೆ ತಿಳಿಯದೆ ಇರದು.

ವಿದ್ಯಾರ್ಥಿಗಳೇ, ಯಾವ ಆಜ್ಞೆಯನ್ನಾದರೂ ಕೊಡುವ ಮುನ್ನ, ಯಂತ್ರದಿಂದ ಕೊಡಿಸುವ ಮುನ್ನ, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನಾನು ಈಗ ಎಲ್ಲಿದ್ದೇನೆ? ಯಾರ ಅಧಿಕಾರದಿಂದ ಮಾಡುತ್ತಿದ್ದೇನೆ? ತಪ್ಪಿದರೆ ಹಿಂದಿರುಗುವ ದಾರಿಯುಂಟೇ? ಈ ಮೂರಕ್ಕೂ ಉತ್ತರ ಹೇಳಬಲ್ಲವರು ಯಾವ ಯಂತ್ರಕ್ಕೂ ಅಂಜಬೇಕಾಗಿಲ್ಲ. ಅಂತಹ ವಿವೇಕವು ನಿಮ್ಮೆಲ್ಲರಲ್ಲಿಯೂ ಬೆಳೆಯಲೆಂದು ಹಾರೈಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.