ಮುಂದಿನ ಬ್ರೇಕ್ ಮುಟ್ಟಬೇಡ ಅಂದವರು ಯಾರು?



ಮೊನ್ನೆ ಭಾನುವಾರ ಸಂಜೆ ನಮ್ಮ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮಾ, ಬೈಕ್ ತಗೋತಾ ಇದೀನಿ, 125 ಸಿಸಿ. ಒಂದೇ ಗಾಡಿ, ಎರಡು ಥರ ಬರುತ್ತೆ. ಒಂದಕ್ಕೆ ಎಬಿಎಸ್ ಇದೆ, ಇನ್ನೊಂದಕ್ಕೆ ಇಲ್ಲ. ಇರೋದಕ್ಕೆ ಕೆಲವು ಸಾವಿರ ಜಾಸ್ತಿ. ಅದರಿಂದ ನಿಜವಾಗ್ಲೂ ಉಪಯೋಗ ಇದೆಯಾ, ಇಲ್ಲಾ ದುಡ್ಡು ಕೀಳೋ ಆಟಾನಾ?" ಅಂತ ಕೇಳಿದ. ಶೋರೂಮ್ ಹುಡುಗ ಅವನಿಗೆ "ಎಬಿಎಸ್ ಇದ್ರೆ ಬೀಳೋ ಮಾತೇ ಇಲ್ಲ ಸಾರ್" ಅಂದಿದ್ದಾನೆ. ಅವರಪ್ಪ, ಅಂದ್ರೆ ನಮ್ಮ ಭಾವ, "ಮೂವತ್ತು ವರ್ಷದಿಂದ ಅದಿಲ್ಲದೇ ಓಡಿಸ್ತಾ ಇಲ್ವೇನೋ ನಾನು?" ಅಂದಿದ್ದಾರೆ.

ಇಬ್ಬರ ಮಾತನ್ನೂ ನಾನು ಒಪ್ಪಲ್ಲ. ಯಾಕೆ ಅಂತ ಇವತ್ತು ಮಾತಾಡೋಣ. ಇದು ನಮ್ಮನೆ ಹುಡುಗನ ಒಂದು ಬೈಕಿನ ವಿಷಯ ಅಷ್ಟೇ ಅಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಕೇಂದ್ರ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ ಇದು. ಅದರಲ್ಲಿ ಶೇ. 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿ ಇದ್ದವರು. ಸುಮಾರು 75 ಸಾವಿರ. ದಿನಕ್ಕೆ ಇನ್ನೂರಕ್ಕೂ ಹೆಚ್ಚು. ಒಂದು ವಿಮಾನ ಬಿದ್ದರೆ ನಾವು ಸ್ಟುಡಿಯೋದವರು ಮೂರು ದಿನ ಅದನ್ನೇ ತೋರಿಸ್ತೀವಿ. ಇಲ್ಲಿ ದಿನಾ ಒಂದು ವಿಮಾನ ಬೀಳ್ತಾ ಇದೆ, ಸುದ್ದಿಯ ಪಟ್ಟಿಯಲ್ಲಿ ಒಂದು ಸಾಲು ಬರಲ್ಲ. ಇದು ನಮ್ಮ ತಪ್ಪೂ ಹೌದು.

ಸರಿ, ಎಬಿಎಸ್ ಅಂದರೆ ಏನು? ಒದ್ದೆ ಬಚ್ಚಲಲ್ಲಿ ನಡೆಯೋದನ್ನ ನೆನಪು ಮಾಡಿಕೊಳ್ಳಿ. ಹೆಜ್ಜೆ ಊರಿ ಊರಿ ನಡೆದರೆ ಕಾಲು ಹಿಡಿಯುತ್ತೆ. ಒಂದು ಸಲ ಜಾರೋಕೆ ಶುರುವಾಯ್ತೋ, ಆಮೇಲೆ ಅದು ನಿಮ್ಮ ಮಾತು ಕೇಳಲ್ಲ. ಟೈರೂ ಹಾಗೇ. ಉರುಳ್ತಾ ಇರೋವರೆಗೆ ರಸ್ತೆಯನ್ನ ಹಿಡಿದಿರುತ್ತೆ. ಗಾಬರಿಯಲ್ಲಿ ಬ್ರೇಕ್ ಒತ್ತಿ ಚಕ್ರ ಪೂರ್ತಿ ನಿಂತುಹೋಯ್ತು ಅನ್ನಿ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಾ ಇದೆ. ಆಗ ಟೈರ್ ಉರುಳಲ್ಲ, ಉಜ್ಜುತ್ತೆ. ಎಬಿಎಸ್‌ನಲ್ಲಿ ಚಕ್ರದ ಪಕ್ಕ ಒಂದು ಸೆನ್ಸರ್ ಇರುತ್ತೆ, ಚಕ್ರ ಎಷ್ಟು ವೇಗವಾಗಿ ತಿರುಗ್ತಾ ಇದೆ ಅಂತ ಅದು ನೋಡ್ತಾ ಇರುತ್ತೆ. ಚಕ್ರ ಇನ್ನೇನು ಲಾಕ್ ಆಗುತ್ತೆ ಅನ್ನೋ ಹೊತ್ತಿಗೆ ಬ್ರೇಕ್ ಎಣ್ಣೆಯ ಒತ್ತಡ ಕಮ್ಮಿ ಮಾಡುತ್ತೆ, ಮರುಕ್ಷಣ ಮತ್ತೆ ಕೊಡುತ್ತೆ. ಸೆಕೆಂಡಿಗೆ ಎಷ್ಟೋ ಸಲ ಹೀಗೆ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡುತ್ತೆ. ಎಂಥ ಪಳಗಿದ ಸವಾರನ ಬೆರಳಿಗೂ ಆ ವೇಗ ಬರಲ್ಲ.

ಕಾರಿಗೂ ಬೈಕಿಗೂ ಇಲ್ಲೊಂದು ದೊಡ್ಡ ವ್ಯತ್ಯಾಸ ಇದೆ. ಕಾರಿನ ಚಕ್ರ ಲಾಕ್ ಆದರೆ ಕಾರು ಜಾರುತ್ತೆ. ಆದರೆ ನಾಲ್ಕು ಕಾಲಿನ ಮೇಲೆ ನಿಂತೇ ಜಾರುತ್ತೆ. ಬೈಕಿನ ಮುಂದಿನ ಚಕ್ರ ಲಾಕ್ ಆದರೆ ಕಣ್ಣು ಮಿಟುಕಿಸೋದರೊಳಗೆ ಗಾಡಿ ಮಲಗಿರುತ್ತೆ. ಹಿಂದಿಂದ ಲಾರಿ ಬರ್ತಾ ಇದ್ರೆ ಮುಂದೇನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಈ ವ್ಯತ್ಯಾಸ ಯಾಕೆ ಹೇಳಿದೆ ಅಂದ್ರೆ, ಎಬಿಎಸ್ ಬೇಡ ಅನ್ನೋರು ಯಾವಾಗಲೂ ಎಳೆದು ತರೋದು ಕಾರಿನ ಉದಾಹರಣೆ. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಂದೇ ಕಂಪನಿಯ ಟ್ಯಾಕ್ಸಿಗಳಲ್ಲಿ ಕೆಲವಕ್ಕೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೆ ಬಿಟ್ಟು ನೋಡಿದರು. ಅಪಘಾತ ಕಮ್ಮಿ ಆಗಲಿಲ್ಲ. ಬ್ರೇಕ್ ಚೆನ್ನಾಗಿದೆ ಅನ್ನೋ ಧೈರ್ಯದಲ್ಲಿ ಡ್ರೈವರ್‌ಗಳು ಇನ್ನೂ ಜೋರಾಗಿ ಓಡಿಸಿದ್ದರು! ಮನುಷ್ಯನ ಬುದ್ಧಿ ಅಂದ್ರೆ ಹಾಗೇನೇ. ಹಾಗಾದ್ರೆ ಬೈಕಿನವರೂ ಹಾಗೇ ಮಾಡಲ್ವಾ? ಕೇಳಲೇಬೇಕಾದ ಪ್ರಶ್ನೆ. ಉತ್ತರ ಕೂಡ ಸಿಕ್ಕಿದೆ.

ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯವರು ಒಂದೇ ಮಾಡೆಲ್ ಬೈಕಿನಲ್ಲಿ ಎಬಿಎಸ್ ಇದ್ದದ್ದು, ಇಲ್ಲದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎಬಿಎಸ್ ಇದ್ದ ಬೈಕುಗಳಲ್ಲಿ ಸಾವಿನ ಅಪಘಾತದ ಪ್ರಮಾಣ ಶೇ. 31ರಷ್ಟು ಕಮ್ಮಿ ಇತ್ತು. 2021ರಲ್ಲಿ ಇನ್ನೂ ಹೆಚ್ಚು ವರ್ಷಗಳ ಲೆಕ್ಕ ಸೇರಿಸಿ ನೋಡಿದಾಗ ಅದು ಶೇ. 22 ಅಂತ ಬಂತು. ಅಂಕಿ ಇಳಿದಿದ್ದನ್ನ ಅವರು ಮುಚ್ಚಿಡಲಿಲ್ಲ, ನಾನೂ ಮುಚ್ಚಿಡಲ್ಲ. ಆದರೆ ಐದರಲ್ಲಿ ಒಂದಕ್ಕಿಂತ ಜಾಸ್ತಿ!

"ಅಲ್ಲ ಸ್ವಾಮಿ, ಎಬಿಎಸ್‌ಗೆ ಅಂತ ಜಾಸ್ತಿ ದುಡ್ಡು ಕೊಡೋನು ಮೊದಲೇ ಹುಷಾರಿ ಮನುಷ್ಯ ಇರ್ತಾನೆ, ಅದಕ್ಕೇ ಸತ್ತಿಲ್ಲ" ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಸ್ವೀಡನ್ನಿನ ಸಂಶೋಧಕರು ಇದಕ್ಕೇ ಒಂದು ಉಪಾಯ ಮಾಡಿದರು. ಎದುರುಬದುರು ಡಿಕ್ಕಿಯಂಥ ಅಪಘಾತದಲ್ಲಿ ಎಬಿಎಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಇಟ್ಟುಕೊಂಡರು. ಸವಾರ ಬರೀ ಹುಷಾರಿಯವನಾಗಿದ್ದರೆ ಎಲ್ಲ ಥರದ ಅಪಘಾತಗಳೂ ಒಂದೇ ಸಮ ಕಮ್ಮಿ ಆಗಬೇಕು. ಆಗಲಿಲ್ಲ. ಎಬಿಎಸ್ ಸಹಾಯ ಮಾಡಬಲ್ಲಂಥ ಅಪಘಾತಗಳೇ ಕಮ್ಮಿ ಆಗಿದ್ದವು. ಇದೇ ಲೆಕ್ಕವನ್ನ ಇಟಲಿ, ಸ್ಪೇನ್‌ಗೂ ಹಾಕಿದರು. ಗಾಯಾಳು ಅಪಘಾತಗಳಲ್ಲಿ ಇಟಲಿಯಲ್ಲಿ ಶೇ. 24, ಸ್ಪೇನಿನಲ್ಲಿ ಶೇ. 29, ಸ್ವೀಡನ್ನಿನಲ್ಲಿ ಶೇ. 34 ಇಳಿಕೆ. ಸ್ಪೇನ್, ಇಟಲಿಯಲ್ಲಿ ಸ್ಕೂಟರುಗಳೂ ಆ ಲೆಕ್ಕದಲ್ಲಿದ್ದವು. ಅಲ್ಲಿಗೆ ನನ್ನ ಮಟ್ಟಿಗೆ ಈ ವಾದ ಮುಗೀತು. ಎಬಿಎಸ್ ಜೀವ ಉಳಿಸುತ್ತೆ.

ಆದರೆ ನಮ್ಮೂರಿನಲ್ಲಿ ಅದು ಅಷ್ಟೇ ಜೀವ ಉಳಿಸ್ತಾ ಇದೆಯಾ? ನನಗೆ ಅನುಮಾನ ಇರೋದು ಅಲ್ಲಿ.

ನೀವು ಗಾಡಿ ಕಲಿತಿದ್ದು ಯಾರ ಹತ್ರ? ಅಪ್ಪ, ಅಣ್ಣ, ಸೋದರಮಾವ, ಇಲ್ಲಾ ಪಕ್ಕದ ಮನೆ ಸ್ನೇಹಿತ. ಅವರು ಹೇಳಿಕೊಟ್ಟ ಮೊದಲನೇ ಪಾಠ ಏನು? "ಮುಂದಿನ ಬ್ರೇಕ್ ಮಾತ್ರ ಮುಟ್ಟಬೇಡ, ಮುಗ್ಗರಿಸಿ ಬೀಳ್ತೀಯ. ಕಾಲಲ್ಲಿ ಹಿಂದಿನ ಬ್ರೇಕ್ ಒತ್ತು." ನನಗೂ ಹಾಗೇ ಹೇಳಿಕೊಟ್ಟಿದ್ದರು. ಎಷ್ಟೋ ವರ್ಷ ಬಲಗೈ ಬೆರಳು ಆ ಲಿವರ್ ಮೇಲೆ ಬಂದಿದ್ದೇ ಇಲ್ಲ.

ಈಗ ಬಿಎಂಟಿಸಿ ಬಸ್ಸಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಜನ ಯಾವ ಕಡೆ ವಾಲ್ತಾರೆ? ಮುಂದಕ್ಕೆ. ಬೈಕಿನ ಭಾರವೂ ಹಾಗೇ ಮುಂದಿನ ಚಕ್ರದ ಮೇಲೆ ಬಂದು ಕೂರುತ್ತೆ, ಹಿಂದಿನ ಚಕ್ರ ಹಗುರ ಆಗುತ್ತೆ. ಭಾರ ಇಲ್ಲದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಗಾಡಿ ನಿಲ್ಲಿಸುವ ಶಕ್ತಿಯ ಬಹುಪಾಲು ಇರೋದು ಮುಂದಿನ ಬ್ರೇಕಿನಲ್ಲೇ. ನಾವು ಬಿಟ್ಟುಬಿಟ್ಟಿರೋದೂ ಅದನ್ನೇ.

ಇನ್ನು ನಮ್ಮ ಕಾನೂನು. 2018ರ ಏಪ್ರಿಲ್ 1ರಿಂದ ಹೊಸ ಮಾಡೆಲ್‌ಗಳಿಗೆ, 2019ರ ಏಪ್ರಿಲ್ 1ರಿಂದ ಮಾರುವ ಎಲ್ಲ ಹೊಸ ಗಾಡಿಗಳಿಗೆ, 125 ಸಿಸಿಗಿಂತ ಮೇಲಿದ್ದರೆ ಎಬಿಎಸ್ ಕಡ್ಡಾಯ. ಆದರೆ ಒಂದೇ ಚಕ್ರಕ್ಕೆ ಇದ್ದರೂ ನಡೆಯುತ್ತೆ. ಅದನ್ನ ಸಿಂಗಲ್ ಚಾನೆಲ್ ಅಂತಾರೆ, ಇರೋದು ಮುಂದಿನ ಚಕ್ರಕ್ಕೆ ಮಾತ್ರ. ಈಗ ಎರಡನ್ನೂ ಸೇರಿಸಿ ನೋಡಿ. ಎಬಿಎಸ್ ಇರೋದು ಮುಂದೆ. ಸವಾರ ಒತ್ತೋದು ಹಿಂದೆ. ದುಡ್ಡು ಕೊಟ್ಟು ತಂದ ಎಬಿಎಸ್ ಮುಂದಿನ ಚಕ್ರದಲ್ಲಿ ಸುಮ್ಮನೆ ಕೂತಿರುತ್ತೆ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಬಾಲ ಅಲ್ಲಾಡಿಸುತ್ತೆ. ಆಮೇಲೆ ಆಸ್ಪತ್ರೆಯಲ್ಲಿ ಮಲಗಿಕೊಂಡು "ಎಬಿಎಸ್ ಇದ್ರೂ ಬಿದ್ನಲ್ಲಾ" ಅಂತಾನೆ!

ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಎಬಿಎಸ್ ಇಲ್ಲದ ಗಾಡಿಯಲ್ಲಿ ಮುಂದಿನ ಬ್ರೇಕನ್ನ ಗಾಬರಿಯಿಂದ ಜಗ್ಗಿದರೆ ಬೀಳೋದು ನಿಜ. ಅವರು ಬಿದ್ದು ಕಲಿತಿದ್ದನ್ನ ನಮಗೆ ಹೇಳಿದರು. ಯಂತ್ರ ಬದಲಾಯ್ತು, ಪಾಠ ಬದಲಾಗಲಿಲ್ಲ. ಲೈಸೆನ್ಸ್ ಕೊಡುವಾಗ ನಾವು ನೋಡೋದೇನು? ಕಾಲು ಊರದೆ ಎಂಟರ ಆಕಾರ ಸುತ್ತು ಹೊಡೆದನಾ, ಪಾಸ್. ಗಂಟೆಗೆ 40 ಕಿಲೋಮೀಟರಿನಲ್ಲಿ ಬರ್ತಾ ಗಾಡಿಯನ್ನ ನೇರವಾಗಿ ನಿಲ್ಲಿಸಿ ತೋರಿಸು ಅಂತ ಎಷ್ಟು ಜನರನ್ನ ಕೇಳಿದ್ದಾರೆ?

ಇನ್ನೊಂದು ಮಾತು. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿಗೆ ಟಕಟಕ ಅಂತ ಹೊಡೆಯುತ್ತೆ. ಗೊತ್ತಿಲ್ಲದವನು ಏನೋ ಮುರೀತು ಅಂತ ಹೆದರಿ ಕೈ ಬಿಟ್ಟುಬಿಡ್ತಾನೆ. ಬಿಡಬಾರದು. ಅದು ಹೊಡೆಯಲಿ, ನೀವು ಹಿಡಿದೇ ಇರಿ.

ಇಷ್ಟೆಲ್ಲ ಆದರೂ ಎಬಿಎಸ್ ಏನು ಮಾಡಲ್ಲ ಅಂತಾನೂ ಹೇಳಬೇಕು. ಶೋರೂಮ್ ಹುಡುಗ ಹೇಳಿರಲ್ಲ. ತಿರುವಿನಲ್ಲಿ ಗಾಡಿ ವಾಲಿಸಿಕೊಂಡು ಹೋಗುವಾಗ ಜೋರಾಗಿ ಬ್ರೇಕ್ ಹಿಡಿದರೆ ಸಾಮಾನ್ಯ ಎಬಿಎಸ್ ನಿಮ್ಮನ್ನ ಉಳಿಸುತ್ತೆ ಅಂತ ನಂಬಬೇಡಿ. ಅದಕ್ಕೆ ಬೇರೆಯೇ ಥರದ್ದು ಬೇಕು, ದುಬಾರಿ ಗಾಡಿಗಳಲ್ಲಿ ಮಾತ್ರ ಬರುತ್ತೆ. ಸಡಿಲ ಜಲ್ಲಿ, ಮರಳಿನ ಮೇಲೆ ಎಬಿಎಸ್ ಇದ್ದರೆ ಗಾಡಿ ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತೀತು. ನಮ್ಮ ಹಳ್ಳಿ ಕಡೆ ಸುಗ್ಗಿಯಲ್ಲಿ ಟಾರ್ ರಸ್ತೆ ಮೇಲೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡ್ತಾರಲ್ಲ, ಆ ಹುಲ್ಲಿನ ಮೇಲೆ ಯಾವ ಎಲೆಕ್ಟ್ರಾನಿಕ್ಸೂ ಹಿಡಿತ ಹುಟ್ಟಿಸಲ್ಲ. ಸವೆದು ನುಣ್ಣಗಾದ ಟೈರಿಗೂ ಅದೇ ಮಾತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೀವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರ್ತೀರಿ. ಎದುರಿಗೆ ನಾಯಿ ಬಂತು ಅಂತ ತಲೆಗೆ ಹೊಳೆದು ಬೆರಳು ಲಿವರ್ ಹಿಡಿಯೋಕೇ ಆ ಒಂದು ಸೆಕೆಂಡ್ ಬೇಕು. ಆ 17 ಮೀಟರಿನಲ್ಲಿ ಎಬಿಎಸ್‌ಗೆ ಕೆಲಸವೇ ಇಲ್ಲ.

ಹೆಲ್ಮೆಟ್ ಬಗ್ಗೆ ಬೇರೆ ದಿನ ಮಾತಾಡೋಣ. ಅದೇ 2022ರಲ್ಲಿ ಹೆಲ್ಮೆಟ್ ಹಾಕದೇ ಸತ್ತವರು 50,029 ಜನ ಅಂತ ಮಾತ್ರ ಹೇಳಿ ಮುಂದೆ ಹೋಗ್ತೀನಿ.

ಈಗ ಸರ್ಕಾರದ ವಿಷಯ. ಬೈಕಿಗೆ ಎಬಿಎಸ್ ಬಂದಿದ್ದು ನಿನ್ನೆ ಮೊನ್ನೆ ಅಲ್ಲ. 1988ರಲ್ಲೇ ಬಿಎಂಡಬ್ಲ್ಯು ತನ್ನ ಬೈಕಿಗೆ ಹಾಕಿತ್ತು. ಆಗ ಆ ಯಂತ್ರವೇ ಹತ್ತು ಕೆಜಿಗಿಂತ ಭಾರ ಇತ್ತು, ಈಗ ಒಂದು ಕೆಜಿಯೂ ಇಲ್ಲ. ನಮ್ಮ ಪಕ್ಕದ ಹೊಸೂರಿನ ಟಿವಿಎಸ್ 2011ರಲ್ಲೇ ಅಪಾಚೆ 180ರಲ್ಲಿ ಕೊಟ್ಟಿತ್ತು. ಕಡ್ಡಾಯ ಮಾಡುವಾಗ ಮಾತ್ರ ನಾವು ಯುರೋಪಿನ ಹಾಗೇ 125 ಸಿಸಿಗೆ ಗೆರೆ ಎಳೆದೆವು. ಅಲ್ಲಿ 125 ಸಿಸಿ ಅಂದರೆ ಕಲಿಯುವವರ ಗಾಡಿ. ಇಲ್ಲಿ ಅದು ಸಂಸಾರದ ಗಾಡಿ. ಹಾಲಿನವರು, ಗಾರ್ಮೆಂಟ್ಸ್‌ಗೆ ಹೋಗೋರು, ಊಟ ತಂದುಕೊಡೋ ಹುಡುಗರು, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಜಾತ್ರೆಗೆ ಹೋಗೋರು ಓಡಿಸೋದು 100, 110, 125 ಸಿಸಿ. ಈ ದೇಶದಲ್ಲಿ ಮಾರಾಟ ಆಗೋದರಲ್ಲಿ ಬಹುಪಾಲು ಇವೇ. ಇವರಿಗೆ ಸಿಬಿಎಸ್ ಸಾಕು ಅಂದರು, ಅಂದರೆ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಒಂದಿಷ್ಟು ಹಿಡಿಯುವ ವ್ಯವಸ್ಥೆ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಚಕ್ರ ಲಾಕ್ ಆಗೋದನ್ನ ಅದು ತಡೆಯಲ್ಲ.

2025ರ ಜೂನ್‌ನಲ್ಲಿ ಕೇಂದ್ರ ಒಂದು ಕರಡು ಅಧಿಸೂಚನೆ ಹೊರಡಿಸಿತು. 2026ರ ಜನವರಿ 1ರಿಂದ ಸಣ್ಣ ಸಿಸಿ ಗಾಡಿಗಳಿಗೂ ಎಬಿಎಸ್ ಬರಬೇಕು, ಜೊತೆಗೆ ಗಾಡಿ ಮಾರುವಾಗ ಎರಡು ಹೆಲ್ಮೆಟ್ ಕೊಡಬೇಕು ಅಂತ. ಬೆಲೆ ಏರುತ್ತೆ, ಬಡವನಿಗೆ ಹೊರೆ ಆಗುತ್ತೆ ಅನ್ನೋ ಮಾತು ಆಗಲೇ ಶುರುವಾಗಿತ್ತು. ಅದರಲ್ಲಿ ಸುಳ್ಳಿಲ್ಲ. ಡ್ರಮ್ ಬ್ರೇಕಿನ ಗಾಡಿಗೆ ಎಬಿಎಸ್ ಬೇಕಾದರೆ ಮೊದಲು ಡಿಸ್ಕ್ ಹಾಕಬೇಕು, ಎಲ್ಲ ಸೇರಿ ಕೆಲವು ಸಾವಿರ ಆಗುತ್ತೆ. 80 ಸಾವಿರದ ಗಾಡಿಗೆ ಅದು ಸಣ್ಣ ಮೊತ್ತ ಅಲ್ಲ, ಕಂತು ಕಟ್ಟೋರಿಗೆ ಗೊತ್ತು. ಆದರೆ ದುಡಿಯೋ ಒಬ್ಬನೇ ಮಗ ಕಾಲು ಮುರಿದುಕೊಂಡು ಮೂರು ತಿಂಗಳು ಮಲಗಿದರೆ ಆ ಮನೆಗೆ ಬೀಳೋ ಹೊರೆ ಎಷ್ಟು? ಬಡವನ ಹೆಸರು ಹೇಳಿ ಎಬಿಎಸ್ ಬೇಡ ಅನ್ನೋರು ಅದನ್ನೂ ಲೆಕ್ಕ ಹಾಕಲಿ. ಬೇಕಿದ್ದರೆ ಸರ್ಕಾರ ಈ ಗಾಡಿಗಳ ಮೇಲಿನ ತೆರಿಗೆಯಲ್ಲಿ ಒಂದಿಷ್ಟು ಬಿಟ್ಟುಕೊಡಲಿ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇಷ್ಟು. ಎಬಿಎಸ್ ಇರೋದನ್ನೇ ತಗೋ, ಸಾಲದ ದುಡ್ಡು ನಾನು ಕೊಡ್ತೀನಿ. ಕೀ ಹಾಕಿದಾಗ ಮೀಟರಿನಲ್ಲಿ ಎಬಿಎಸ್ ಅಂತ ಹಳದಿ ದೀಪ ಹತ್ತುತ್ತೆ, ಗಾಡಿ ಹೊರಟ ಮೇಲೆ ಆರಬೇಕು. ಓಡುವಾಗಲೂ ಉರೀತಾನೇ ಇದ್ರೆ ಎಬಿಎಸ್ ಕೆಲಸ ಮಾಡ್ತಾ ಇಲ್ಲ ಅಂತ ಲೆಕ್ಕ, ಮೆಕ್ಯಾನಿಕ್‌ಗೆ ತೋರಿಸು. ಗಾಡಿ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಲೇಔಟಿನ ರಸ್ತೆಗೆ ಹೋಗೋಣ. ಮೊದಲು 20ರ ವೇಗ, ಆಮೇಲೆ 30, ಆಮೇಲೆ 40. ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನಿಲ್ಲಿಸೋದನ್ನ ಬೆರಳಿಗೆ ಅಭ್ಯಾಸ ಆಗೋವರೆಗೂ ಮಾಡು. ನಾನೂ ಮಾಡ್ತೀನಿ, ನನಗೂ ಆ ಹಳೇ ಚಾಳಿ ಪೂರ್ತಿ ಹೋಗಿಲ್ಲ.

ಹುಡುಗ ಹೂಂ ಅಂದ. ಆಮೇಲೆ ಕೇಳಿದ, "ಮತ್ತೆ ಅಪ್ಪಂದು?"

ಭಾವ ಇವತ್ತಿಗೂ ಓಡಿಸೋದು 100 ಸಿಸಿ ಗಾಡಿ, ಮುಂದೆ ಹಿಂದೆ ಎರಡೂ ಡ್ರಮ್ಮು. ಆ ಕರಡು ಇದ್ದದ್ದು ಹೊಸ ಗಾಡಿಗೆ ಮಾತ್ರ. ಹಳೇ ಗಾಡಿಗಳು ಕೋಟಿಗಟ್ಟಲೆ ಇವೆ, ಇನ್ನೂ ಹತ್ತು ಹದಿನೈದು ವರ್ಷ ಇದೇ ರಸ್ತೆಯಲ್ಲಿ ಓಡ್ತವೆ. ಅವರನ್ನೂ ಲೇಔಟಿಗೆ ಕರ್ಕೊಂಡು ಬಾ ಅಂದಿದ್ದೀನಿ. ಮುಂದಿನ ಬ್ರೇಕನ್ನ ಜಗ್ಗದೆ, ನಿಂಬೆಹಣ್ಣು ಹಿಂಡಿದ ಹಾಗೆ ಮೆಲ್ಲಗೆ ಶುರುಮಾಡಿ ಬಿಗಿ ಮಾಡ್ತಾ ಹೋಗೋದನ್ನ ಅವರಿಗೆ ತೋರಿಸಬೇಕು. ಬರ್ತಾರೋ ಇಲ್ವೋ ಗೊತ್ತಿಲ್ಲ. ಮೂವತ್ತು ವರ್ಷ ಓಡಿಸಿದೀನಿ, ನಂಗೇ ಪಾಠ ಹೇಳ್ತೀಯಾ ಅನ್ನಬಹುದು. ಟೈರ್ ಮಾತ್ರ ಹೊಸದು ಹಾಕಿಸಿದಾರಂತೆ.